ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಎಂಜಿನ್ ಕಂಪ್ಯೂಟರ್ ದುರಸ್ತಿಯ ಅರ್ಥಶಾಸ್ತ್ರ

ಮಳೆಗಾಲ ಕಾಲಿಟ್ಟಿತೆಂದರೆ ನಮ್ಮ ನಗರಗಳ ವಾಹನ ಸೇವಾ ಕೇಂದ್ರಗಳಲ್ಲಿ ಒಂದು ಬಗೆಯ ದೂರು ಹೆಚ್ಚತೊಡಗುತ್ತದೆ. ನಿನ್ನೆಯವರೆಗೆ ಸರಿಯಾಗಿ ಓಡುತ್ತಿದ್ದ ಕಾರು ಇದ್ದಕ್ಕಿದ್ದಂತೆ ಎಳೆಯುವುದಿಲ್ಲ; ಸಿಗ್ನಲ್‌ನಲ್ಲಿ ನಿಂತರೆ ಮತ್ತೆ ಚಾಲೂ ಆಗುವುದಿಲ್ಲ; ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತಿಕೊಂಡು ಆರುವುದೇ ಇಲ್ಲ. ಸ್ಕ್ಯಾನರ್ ಜೋಡಿಸಿ ನೋಡಿದ ಸೇವಾ ಸಲಹೆಗಾರರು ಕೊಡುವ ಉತ್ತರ ಬಹಳ ಸಲ ಒಂದೇ: ‘ಇಸಿಯು ಹೋಗಿದೆ, ಬದಲಾಯಿಸಬೇಕು’. ಇಸಿಯು ಎಂದರೆ ಎಂಜಿನ್ನಿನ ನಿಯಂತ್ರಣ ಘಟಕ, ವಾಹನದ ಕಂಪ್ಯೂಟರ್. ಅದರ ಬೆಲೆ ಕೇಳಿದ ಮಧ್ಯಮ ವರ್ಗದ ಮಾಲೀಕನ ಎದೆ ಒಮ್ಮೆ ಝಲ್ಲೆನ್ನುತ್ತದೆ. ನಿಜವಾಗಿ ಕೆಟ್ಟಿರುವುದು ಆ ಕಂಪ್ಯೂಟರೇ ಅಥವಾ ಅದಕ್ಕೆ ತಂತಿಗಳನ್ನು ಸೇರಿಸುವ, ಗ್ಯಾರೇಜಿನ ಭಾಷೆಯಲ್ಲಿ ‘ಕಪ್ಲರ್’ ಎನಿಸಿಕೊಂಡಿರುವ ಪ್ಲಾಸ್ಟಿಕ್ ಜೋಡಣೆಯೇ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಮೇಲ್ನೋಟಕ್ಕೆ ಇದು ಮೆಕ್ಯಾನಿಕ್‌ಗಳಿಗೆ ಸೇರಿದ ಪ್ರಶ್ನೆ. ಆದರೆ ಇದರ ಉತ್ತರದಲ್ಲಿ ನಮ್ಮ ಮಾರುಕಟ್ಟೆಯ ರಚನೆ, ಸ್ಪರ್ಧಾ ಕಾನೂನಿನ ದೌರ್ಬಲ್ಯ ಮತ್ತು ಸಾವಿರಾರು ಸಣ್ಣ ಗ್ಯಾರೇಜುಗಳ ಭವಿಷ್ಯ ಅಡಗಿವೆ.

ಎಂಜಿನ್ ಕಂಪ್ಯೂಟರ್ ಎಂಬುದು ಸಿರಿವಂತರ ವಾಹನಗಳಿಗಷ್ಟೇ ಸೇರಿದ ವಸ್ತು ಎಂದು ಭಾವಿಸುವ ಕಾಲ ಮುಗಿದಿದೆ. ಹೊಗೆ ನಿಯಂತ್ರಣದ ಭಾರತ್ ಸ್ಟೇಜ್ 4 ಮಾನದಂಡ 2017ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂತು. ಐದನೆಯ ಹಂತವನ್ನು ಕೈಬಿಟ್ಟು ನೇರವಾಗಿ ಆರಕ್ಕೆ ಹಾರಿದ ನಾವು, 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಅನ್ನು ಕಡ್ಡಾಯಗೊಳಿಸಿದೆವು. ಇದರೊಂದಿಗೆ ಸ್ಕೂಟರ್, ಮೋಟಾರ್ ಸೈಕಲ್‌ಗಳಿಂದಲೂ ಕಾರ್ಬುರೇಟರ್ ಬಹುಮಟ್ಟಿಗೆ ನಿರ್ಗಮಿಸಿತು. ಅದರ ಜಾಗಕ್ಕೆ ಇಂಧನವನ್ನು ಅಳೆದು ಚಿಮ್ಮಿಸುವ ಇಂಜೆಕ್ಟರ್ ಬಂತು, ಅದನ್ನು ಆಳುವ ಕಂಪ್ಯೂಟರ್ ಬಂತು, ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುವ ಸಂವೇದಕಗಳು ಬಂದವು. ಗಾಳಿಯ ಶುದ್ಧಿಯ ದೃಷ್ಟಿಯಿಂದ ಇದು ಸ್ವಾಗತಾರ್ಹ ನಿರ್ಧಾರವೇ ಸರಿ. ಆದರೆ ಹಾಲು ಹಾಕುವವರ ಮೊಪೆಡ್‌ನಿಂದ ಸರಕು ಸಾಗಿಸುವ ಲಾರಿಯವರೆಗೆ ಎಲ್ಲವೂ ಈಗ ಇಂತಹ ಒಂದು ಪೆಟ್ಟಿಗೆಯನ್ನೂ ಅದರ ಜೋಡಣೆಯನ್ನೂ ಹೊತ್ತು ಓಡಾಡುತ್ತಿವೆ ಎಂಬುದನ್ನು ಮರೆಯಬಾರದು. ಮಾನದಂಡ ರೂಪಿಸಿದವರು ಹೊಸ ವಾಹನ ಹೇಗಿರಬೇಕು ಎಂದು ಯೋಚಿಸಿದಷ್ಟು ಆಸಕ್ತಿಯಿಂದ, ಅದೇ ವಾಹನ ಹತ್ತು ವರ್ಷದ ನಂತರ ಯಾರ ಕೈಯಲ್ಲಿ, ಯಾವ ಬೆಲೆಗೆ ದುರಸ್ತಿಯಾಗಬೇಕು ಎಂದು ಯೋಚಿಸಲಿಲ್ಲ.

ಈ ಕಪ್ಲರ್ ಎಂಬುದು ಏನು ಎಂಬುದನ್ನು ತುಸು ನೋಡೋಣ. ಜರ್ಮನಿಯ ಬಾಷ್ ಸಂಸ್ಥೆ ತಯಾರಿಸಿದ, ಪ್ರಪಂಚದಾದ್ಯಂತ ಬಳಕೆಯಲ್ಲಿರುವ ಎಂಜಿನ್ ಕಂಪ್ಯೂಟರುಗಳ ಒಂದು ಪ್ರಮುಖ ಮಾದರಿಯಲ್ಲಿ 94 ಮತ್ತು 60 ಪಿನ್‌ಗಳ ಎರಡು ಜೋಡಣೆಗಳಿವೆ, ಒಟ್ಟು 154. ಒಂದೊಂದು ಪಿನ್ನಿಗೂ ಒಂದೊಂದು ಕೆಲಸ. ಒಂದು ಬ್ಯಾಟರಿಯ ವಿದ್ಯುತ್ತನ್ನು ತರುತ್ತದೆ, ಒಂದು ಅರ್ತಿಂಗ್ ಕೊಡುತ್ತದೆ, ಒಂದು ನೀರಿನ ಬಿಸಿಯನ್ನು ತಿಳಿಸುತ್ತದೆ, ಇನ್ನೊಂದು ಇಂಜೆಕ್ಟರಿಗೆ ಅಪ್ಪಣೆ ಒಯ್ಯುತ್ತದೆ. ಕಂಪ್ಯೂಟರಿನ ಕಡೆಯ ಗಂಡು ಪಿನ್ನು ತಂತಿಯ ಕಡೆಯ ಹೆಣ್ಣು ಟರ್ಮಿನಲ್ಲಿನೊಳಗೆ ಹೊಕ್ಕು, ಅದರ ಪುಟ್ಟ ಸ್ಪ್ರಿಂಗಿನ ಬಿಗಿತದಲ್ಲಿ ನಿಂತಿರುತ್ತದೆ. ಈ ಬಿಗಿತವೇ ಇಡೀ ವ್ಯವಸ್ಥೆಯ ಪ್ರಾಣ. ಪೆಟ್ಟಿಗೆಯೊಳಗಿನ ಚಿಪ್‌ಗಳು ಗಟ್ಟಿ ಕವಚದಲ್ಲಿ ಸುರಕ್ಷಿತವಾಗಿರುತ್ತವೆ. ಹೊರಗಿನ ಜೋಡಣೆಯಾದರೋ ಎಂಜಿನ್ನಿನ ಬಿಸಿ, ರಸ್ತೆಯ ಕುಲುಕಾಟ, ಮಳೆನೀರು, ಧೂಳು, ಇಲಿಯ ಹಲ್ಲು ಎಲ್ಲಕ್ಕೂ ಎದೆಯೊಡ್ಡಿ ನಿಲ್ಲಬೇಕು. ಕೆಡುವ ಸಾಧ್ಯತೆ ಯಾವುದಕ್ಕೆ ಹೆಚ್ಚು ಎಂದು ಊಹಿಸಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ.

ಇದು ಕೆಡುವ ಬಗೆಯೂ ನಮ್ಮ ಮನೆಗಳಿಗೆ ಅಪರಿಚಿತವಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದ ದಿನಗಳು ಹಿರಿಯರಿಗೆ ನೆನಪಿರಬಹುದು. ಸಾಮಾನ್ಯ ಪಿನ್ನುಗಳಿಗೂ ಅದೇ ತವರದ ಲೇಪ. ದುಬಾರಿಯವಕ್ಕೆ ಮಾತ್ರ ಚಿನ್ನದ ತೆಳುಲೇಪ. ವಾಹನ ಅದುರುವಾಗ ಗಂಡು ಹೆಣ್ಣು ಪಿನ್ನುಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಒಂದಕ್ಕೊಂದು ಉಜ್ಜುತ್ತವೆ. ಉಜ್ಜಿದಲ್ಲಿ ತವರದ ಹೊಸ ಮೈ ಗಾಳಿಗೆ ತೆರೆದುಕೊಂಡು ಆಕ್ಸೈಡ್ ಆಗುತ್ತದೆ. ಆ ಪುಡಿ ಅಲ್ಲೇ ಕೂತು ವಿದ್ಯುತ್ತಿನ ದಾರಿಗೆ ಅಡ್ಡಗಟ್ಟುತ್ತದೆ. ಇದರ ಮೇಲೆ ನೀರು ಸೇರಿದರೆ ಕಲಾಯಿ ಹೋದ ಪಾತ್ರೆಯಂತೆ ಕಿಲುಬು ಹಿಡಿಯುತ್ತದೆ. ಕಾರವಾರ, ಮಂಗಳೂರಿನ ಉಪ್ಪುಗಾಳಿಯಲ್ಲಿ, ಮಲೆನಾಡಿನ ಜಡಿಮಳೆಯಲ್ಲಿ, ಬಳ್ಳಾರಿಯ ಕೆಂಧೂಳಿನಲ್ಲಿ ಓಡುವ ವಾಹನಗಳಿಗೆ ಈ ಕಾಯಿಲೆ ಬೇಗ ತಗುಲುವುದರಲ್ಲಿ ಆಶ್ಚರ್ಯವಿಲ್ಲ.

ಪರಿಣಾಮ ಎಷ್ಟು ದೊಡ್ಡದೆಂಬುದಕ್ಕೆ ಎರಡು ಲೆಕ್ಕ ಸಾಕು. ಸುಸ್ಥಿತಿಯ ಜೋಡಣೆಯಲ್ಲಿ ವಿದ್ಯುತ್ ನಿರೋಧ ಓಮ್‌ನ ಸಾವಿರದ ಕೆಲವು ಭಾಗವಷ್ಟೇ ಇರುತ್ತದೆ. ಅದು ಕಿಲುಬಿನಿಂದ 0.2 ಓಮ್‌ಗೆ ಏರಿತೆಂದುಕೊಳ್ಳಿ. 10 ಆಂಪಿಯರ್ ಹರಿಯುವ ತಂತಿಯಲ್ಲಿ ಆಗ 2 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. 12 ವೋಲ್ಟಿನ ವಾಹನಕ್ಕೆ ಇದು ಆರನೆಯ ಒಂದು ಪಾಲು. ಇನ್ನೊಂದು ಉದಾಹರಣೆ ಇನ್ನೂ ಸ್ವಾರಸ್ಯಕರ. ಎಂಜಿನ್ನಿನ ಬಿಸಿ ಅಳೆಯುವ ಸಂವೇದಕದ ನಿರೋಧ ಬಿಸಿ ಏರಿದಂತೆ ಇಳಿಯುತ್ತದೆ. ಸಾಮಾನ್ಯ ಮಾದರಿಯೊಂದರಲ್ಲಿ ಅದು 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್. ಕಪ್ಲರಿನ ಕಿಲುಬು ಇದಕ್ಕೆ ಮತ್ತೊಂದು 300 ಓಮ್ ಸೇರಿಸಿದರೆ, ಎಂಜಿನ್ 60 ಡಿಗ್ರಿಯಷ್ಟೇ ಬಿಸಿಯಾಗಿದೆ ಎಂದು ಕಂಪ್ಯೂಟರ್ ಭ್ರಮಿಸುತ್ತದೆ. ತಣ್ಣನೆಯ ಎಂಜಿನ್ನಿಗೆ ಕೊಡುವಂತೆ ಹೆಚ್ಚು ಪೆಟ್ರೋಲ್ ಕೊಡತೊಡಗುತ್ತದೆ. ಮೈಲೇಜ್ ಬೀಳುತ್ತದೆ, ಹೊಗೆ ಹೆಚ್ಚುತ್ತದೆ, ದುಬಾರಿಯಾದ ಕೆಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಕಂಪ್ಯೂಟರಿನ ತಪ್ಪೇನೂ ಇಲ್ಲ. ಅದಕ್ಕೆ ಮುಟ್ಟಿದ ಸುದ್ದಿಯೇ ಸುಳ್ಳು. ಮೂರೂವರೆ ದಶಕ ಸರ್ಕಾರಿ ಸೇವೆಯಲ್ಲಿದ್ದ ನನಗೆ ಇದು ಚಿರಪರಿಚಿತ ಸ್ಥಿತಿ: ತಾಲ್ಲೂಕಿನಿಂದ ಬಂದ ವರದಿ ತಪ್ಪಿದ್ದರೆ ವಿಧಾನಸೌಧದ ನಿರ್ಧಾರ ಎಷ್ಟೇ ಬುದ್ಧಿವಂತಿಕೆಯದಾದರೂ ತಪ್ಪಾಗಿಯೇ ಇರುತ್ತದೆ.

ಈಗ ಪ್ರಕರಣದ ತಿರುಳಿಗೆ ಬರೋಣ. ಕಪ್ಲರನ್ನು ಒಮ್ಮೆ ಬಿಚ್ಚಿ ಮತ್ತೆ ಹಾಕಿದಾಗ ಪಿನ್ನುಗಳು ಒಂದನ್ನೊಂದು ಉಜ್ಜಿಕೊಂಡು ಮೇಲಿನ ಆಕ್ಸೈಡ್ ಪದರ ಕೆರೆದುಹೋಗುತ್ತದೆ. ಸಂಪರ್ಕ ತಾತ್ಕಾಲಿಕವಾಗಿ ಸರಿಹೋಗುತ್ತದೆ. ಕಂಪ್ಯೂಟರ್ ಬದಲಿಸುವಾಗ ನಡೆಯುವುದೂ ಇದೇ. ಹಳೆಯ ಪೆಟ್ಟಿಗೆಯಿಂದ ಕಪ್ಲರ್ ಬಿಚ್ಚಿ ಹೊಸ ಪೆಟ್ಟಿಗೆಗೆ ಹಾಕಲೇಬೇಕು. ವಾಹನ ಚಾಲೂ ಆಗುತ್ತದೆ. ಕೀರ್ತಿ ಹೊಸ ಪೆಟ್ಟಿಗೆಗೆ, ಕಳಂಕ ಹಳೆಯದಕ್ಕೆ. ಹಳೆಯ ಪೆಟ್ಟಿಗೆ ನಿಜವಾಗಿ ಕೆಟ್ಟಿತ್ತೇ ಎಂದು ಪರೀಕ್ಷಿಸುವವರಿಲ್ಲ. ಕೆಲವು ತಿಂಗಳ ನಂತರ ಹೆಣ್ಣು ಟರ್ಮಿನಲ್ಲಿನ ಸಡಿಲ ಹಾಗೇ ಉಳಿದಿದ್ದರಿಂದ ಅದೇ ದೂರು ಮರಳಿದರೆ, ಆಗ ಅದಕ್ಕೆ ಬೇರೊಂದು ಬಿಡಿಭಾಗದ ಹೆಸರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯಲ್ಲಿ ಎಮ್ಮೆಗೆ ನೋವಾಗುತ್ತದೆ, ಎತ್ತಿನ ಜ್ವರ ಇಳಿಯುವುದಿಲ್ಲ. ಇಲ್ಲಿಯಾದರೋ ಜ್ವರ ಕೆಲಕಾಲ ಇಳಿದೂಬಿಡುವುದರಿಂದ ಬರೆಯ ಮೇಲೆ ನಂಬಿಕೆ ಬೆಳೆಯುತ್ತದೆ. ಇದೇ ಹೆಚ್ಚು ಅಪಾಯಕಾರಿ.

ನನ್ನದೇ ಒಂಬತ್ತು ವರ್ಷ ಹಳೆಯ ಕಾರಿನ ವಿಷಯದಲ್ಲಿ ಇಂತಹ ಪ್ರಸಂಗವೊಂದು ನಡೆಯಿತು. ಅಧಿಕೃತ ಸೇವಾ ಕೇಂದ್ರವೊಂದು ಕಂಪ್ಯೂಟರ್ ಬದಲಿಸಲು ಕೊಟ್ಟ ಅಂದಾಜು ರೂ. 58,000. ಯಾವ ಪರೀಕ್ಷೆಯಿಂದ ಈ ತೀರ್ಮಾನಕ್ಕೆ ಬಂದಿರಿ ಎಂದು ಕೇಳಿದೆ. ಸ್ಕ್ಯಾನರ್ ತೋರಿಸಿದ ಸಂಕೇತದ ಮುದ್ರಿತ ಪ್ರತಿಯನ್ನು ಮುಂದಿಟ್ಟರು. ‘ಸಂವೇದಕದ ಮಂಡಲದಲ್ಲಿ ವೋಲ್ಟೇಜ್ ವ್ಯತ್ಯಾಸ’ ಎಂದಷ್ಟೇ ಅದು ಹೇಳುತ್ತಿತ್ತು. ಕಂಪ್ಯೂಟರ್ ಕೆಟ್ಟಿದೆ ಎಂದು ಎಲ್ಲಿಯೂ ಹೇಳಿರಲಿಲ್ಲ. ವಾಹನವನ್ನು ಪರಿಚಿತ ಆಟೊ ಎಲೆಕ್ಟ್ರಿಷಿಯನ್ ಒಬ್ಬರ ಬಳಿ ತಂದೆ. ಒಂದು ಮಧ್ಯಾಹ್ನವಿಡೀ ಮಲ್ಟಿಮೀಟರ್ ಹಿಡಿದು ಕೂತ ಅವರು ಕೊನೆಗೆ ಹೇಳಿದ್ದು: ‘ಕಂಪ್ಯೂಟರ್ ಚೆನ್ನಾಗೇ ಇದೆ ಸಾರ್. ಕಪ್ಲರ್ ಒಳಗೆ ನೀರು ಇಳಿದು ಎರಡು ಪಿನ್ ಕಿಲುಬು ಹಿಡಿದಿವೆ’. ಶುಚಿ ಮಾಡಿ, ಒಂದು ಟರ್ಮಿನಲ್ ಬದಲಿಸಿ ಅವರು ಪಡೆದದ್ದು ರೂ. 1,400. ಕಾರು ಇಂದಿಗೂ ಅದೇ ಕಂಪ್ಯೂಟರಿನಲ್ಲಿ ಓಡುತ್ತಿದೆ. ಒಂದು ಪ್ರಕರಣದಿಂದ ಸಿದ್ಧಾಂತ ಕಟ್ಟಲಾಗದು ಎಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಗೊತ್ತು. ಆದರೆ ಆ ಎರಡು ಮೊತ್ತಗಳ ನಡುವಿನ ಅಂತರ ಹೇಗೆ ಸಾಧ್ಯವಾಯಿತು ಎಂದು ಕೇಳುವುದು ಅರ್ಥಶಾಸ್ತ್ರದ ಕೆಲಸವೇ.

ಆ ಕೆಲಸ ಸುಲಭವೆಂದೂ ಯಾರೂ ತಿಳಿಯಬಾರದು. ಅದಕ್ಕೆ ಶಿಸ್ತು ಬೇಕು. ಮೊದಲು ಕೀಲಿ ತೆಗೆದು ಕೆಲವು ನಿಮಿಷ ಕಾಯಬೇಕು, ಏಕೆಂದರೆ ಕಂಪ್ಯೂಟರ್ ತಕ್ಷಣ ಮಲಗುವುದಿಲ್ಲ. ಬಳಿಕ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ಕಪ್ಲರಿನ ಲಿವರನ್ನು ಬಲವಂತವಿಲ್ಲದೆ ಬಿಡಿಸಿ, ಬಾಗಿದ ಪಿನ್, ಹಿಂದೆ ಸರಿದ ಟರ್ಮಿನಲ್, ಹರಿದ ರಬ್ಬರ್ ಸೀಲ್, ಹಸಿರು ಅಥವಾ ಬಿಳಿ ಕಿಲುಬು ಇವೆಯೇ ಎಂದು ಬೆಳಕಿನಲ್ಲಿ ನೋಡಬೇಕು. ಎಲೆಕ್ಟ್ರಾನಿಕ್ ಭಾಗಗಳಿಗೆಂದೇ ಬರುವ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಮೆತ್ತನೆಯ ಬ್ರಷ್‌ನಿಂದ ಒರೆಸಿ, ಪೂರ್ತಿ ಒಣಗಲು ಬಿಡಬೇಕು. ಅದೇ ಅಳತೆಯ ಬಿಡಿ ಗಂಡು ಪಿನ್ನೊಂದನ್ನು ಹೆಣ್ಣು ಟರ್ಮಿನಲ್ಲಿಗೆ ಹಾಕಿ ಎಳೆದು ಬಿಗಿತ ನೋಡಬೇಕು. ಸಡಿಲವಿದ್ದರೆ ಟರ್ಮಿನಲ್ ಬದಲಿಸಿ, ಅದಕ್ಕೆಂದೇ ಇರುವ ಉಪಕರಣದಿಂದ ತಂತಿಗೆ ಒತ್ತಿ ಕೂಡಿಸಬೇಕು. ಕೊನೆಗೆ, ಎಂಜಿನ್ ಓಡುತ್ತಿರುವಾಗ ಜೋಡಣೆಯ ಎರಡೂ ಬದಿಗಳ ನಡುವೆ ಎಷ್ಟು ವೋಲ್ಟೇಜ್ ಸೋರುತ್ತಿದೆ ಎಂದು ಅಳೆಯಬೇಕು. ಕೆಲಸ ಸರಿಯಾಗಿದೆ ಎಂಬುದಕ್ಕೆ ಅದೊಂದೇ ನಂಬಲರ್ಹ ಸಾಕ್ಷಿ.

ಮಾಡಬಾರದ ಕೆಲಸಗಳ ಪಟ್ಟಿಯೂ ಅಷ್ಟೇ ಮುಖ್ಯ. ಮರಳು ಕಾಗದದಿಂದ ತಿಕ್ಕಿದರೆ ಲೇಪವೇ ಹೋಗುತ್ತದೆ. ಹೆಣ್ಣು ಟರ್ಮಿನಲ್ಲಿಗೆ ದಪ್ಪ ಸೂಜಿ ಚುಚ್ಚಿದರೆ ಅದರ ಬಾಯಿ ಅಗಲವಾಗಿ, ಇಲ್ಲದ ರೋಗ ಬರುತ್ತದೆ. ತಂತಿಯ ಹೊದಿಕೆಗೆ ಚುಚ್ಚಿ ಪರೀಕ್ಷಿಸಿದರೆ ಆ ತೂತಿನಿಂದ ಇಳಿದ ನೀರು ತಾಮ್ರದ ಎಳೆಗಳ ನಡುವೆ ಹರಿದು ಕಂಪ್ಯೂಟರಿನೊಳಗೇ ಸೇರಬಹುದು. ಚಿನ್ನದ ಲೇಪದ ಪಿನ್ನಿಗೆ ತವರದ ಟರ್ಮಿನಲ್ ಜೋಡಿಸಿದರೆ ಸಂಪರ್ಕ ಬೇಗ ಕೆಡುತ್ತದೆ. ತೊಳೆಯುವಾಗ ಒತ್ತಡದ ನೀರನ್ನು ಎಂಜಿನ್ನಿನ ಮೇಲೆ ನೇರವಾಗಿ ಬಿಡಬಾರದು. ಏರ್‌ಬ್ಯಾಗ್‌ಗೆ ಹೋಗುವ ಹಳದಿ ಕಪ್ಲರುಗಳನ್ನೂ ವಿದ್ಯುತ್ ವಾಹನಗಳ ಕಿತ್ತಳೆ ಬಣ್ಣದ ತಂತಿಗಳನ್ನೂ ತರಬೇತಿಯಿಲ್ಲದವರು ಮುಟ್ಟಲೇಕೂಡದು. ಇವೆಲ್ಲ ತಿಳಿದ ಕುಶಲಕರ್ಮಿಗೆ ಬೇಕಾದದ್ದು ಕೋಟಿ ರೂಪಾಯಿಯ ಯಂತ್ರವಲ್ಲ. ಯಾವ ಪಿನ್ನು ಯಾವ ಕೆಲಸ ಮಾಡುತ್ತದೆ ಎಂಬ ನಕ್ಷೆ, ಸರಿಯಾದ ಬಿಡಿ ಟರ್ಮಿನಲ್ ಮತ್ತು ಸಮಯ. ನಮ್ಮ ವ್ಯವಸ್ಥೆ ಅವನಿಗೆ ನಿರಾಕರಿಸುವುದು ಈ ಮೂರನ್ನೇ.

ಅರ್ಥಶಾಸ್ತ್ರದಲ್ಲಿ ‘ನಂಬಿಕೆಯ ಸರಕು’ ಎಂಬ ಪರಿಕಲ್ಪನೆಯಿದೆ. 1973ರಲ್ಲಿ ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಎಂಬ ವಿದ್ವಾಂಸರು ಇದನ್ನು ಮಂಡಿಸಿದರು. ಕೆಲವು ಸೇವೆಗಳ ಗುಣಮಟ್ಟವನ್ನು ಖರೀದಿಗೆ ಮುಂಚೆ ಮಾತ್ರವಲ್ಲ, ಖರೀದಿಯ ನಂತರವೂ ಗ್ರಾಹಕ ಅಳೆಯಲಾರ. ಮಾವಿನ ಹಣ್ಣು ಹುಳಿಯೋ ಸಿಹಿಯೋ ತಿಂದ ಮೇಲೆ ತಿಳಿಯುತ್ತದೆ. ಆದರೆ ಕಂಪ್ಯೂಟರ್ ಬದಲಿಸಿದ ಮೇಲೆ ಕಾರು ಓಡಿದರೂ, ಬದಲಿಸುವುದು ಅಗತ್ಯವಿತ್ತೇ ಎಂಬುದು ಎಂದಿಗೂ ತಿಳಿಯುವುದಿಲ್ಲ. ರೋಗ ಹೇಳುವವನೂ ಔಷಧ ಮಾರುವವನೂ ಒಬ್ಬನೇ ಆದಾಗ ದೊಡ್ಡ ಔಷಧದ ಕಡೆಗೇ ತಕ್ಕಡಿ ವಾಲುತ್ತದೆ. ಇದಕ್ಕೆ ಸೇವಾ ಕೇಂದ್ರದ ಹುಡುಗರನ್ನು ದೂಷಿಸಿ ಫಲವಿಲ್ಲ. ಬಿಡಿಭಾಗ ಮಾರಿದರೆ ಲಾಭಾಂಶ ಸಿಗುತ್ತದೆ. ಮೂರು ಗಂಟೆ ಕೂತು ಪಿನ್ ಹುಡುಕಿದರೆ ಆ ಶ್ರಮಕ್ಕೆ ಬಿಲ್ ಹಾಕುವುದು ಕಷ್ಟ. ದೂರು ಮರಳಿ ಬಂದರೆ ತಲೆನೋವು ಬೇರೆ. ಹೀಗಿರುವಾಗ ಪೆಟ್ಟಿಗೆ ಬದಲಿಸುವುದೇ ಅವರ ಪಾಲಿಗೆ ವಿವೇಕದ ಆಯ್ಕೆ. ವ್ಯಕ್ತಿಗಳು ವಿವೇಕದಿಂದ ನಡೆದುಕೊಂಡೂ ಸಮಾಜಕ್ಕೆ ನಷ್ಟವಾಗುವಂತೆ ಹೆಣೆದಿರುವ ಪ್ರೋತ್ಸಾಹಗಳೇ ಇಲ್ಲಿನ ದೋಷ.

ಈ ದೋಷವನ್ನು ನಮ್ಮ ಕಾನೂನು ಗುರುತಿಸಿಲ್ಲವೆಂದಲ್ಲ. ಶಂಶೇರ್ ಕಟಾರಿಯಾ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು ನೀಡಿದ ಆದೇಶ ಈ ದೃಷ್ಟಿಯಿಂದ ಐತಿಹಾಸಿಕವಾದದ್ದು. ಬಿಡಿಭಾಗ, ದುರಸ್ತಿ ಕೈಪಿಡಿ ಮತ್ತು ರೋಗಪತ್ತೆ ಉಪಕರಣಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ನಿರಾಕರಿಸಿ ಸ್ಪರ್ಧೆಯನ್ನು ಹತ್ತಿಕ್ಕಲಾಗಿದೆ ಎಂದು ಕಂಡುಕೊಂಡ ಆಯೋಗ, 14 ಕಾರು ತಯಾರಕ ಸಂಸ್ಥೆಗಳಿಗೆ ಸರಾಸರಿ ವಹಿವಾಟಿನ ಶೇ 2ರಂತೆ ಒಟ್ಟು ರೂ. 2,544 ಕೋಟಿಗೂ ಹೆಚ್ಚು ದಂಡ ವಿಧಿಸಿತು. ಅಷ್ಟೇ ಅಲ್ಲ, ಬಿಡಿಭಾಗಗಳೂ ಉಪಕರಣಗಳೂ ಮುಕ್ತವಾಗಿ ದೊರೆಯಬೇಕು, ಹೊರಗೆ ದುರಸ್ತಿ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದಾಗುತ್ತದೆ ಎಂಬ ಸಾರಾಸಗಟು ಷರತ್ತು ಇರಕೂಡದು ಎಂದೂ ನಿರ್ದೇಶಿಸಿತು. ಒಮ್ಮೆ ಕಾರು ಕೊಂಡವನು ಆ ತಯಾರಕನ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಸೆರೆಯಾಗುತ್ತಾನೆ ಎಂಬ ಈ ವಾದಕ್ಕೆ ಅಮೆರಿಕದಲ್ಲಿ 1992ರ ಕೊಡಾಕ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮನ್ನಣೆ ನೀಡಿತ್ತು. ಆದರೆ ನಮ್ಮ ಆಯೋಗದ ಆದೇಶ ಮೇಲ್ಮನವಿ ಮತ್ತು ರಿಟ್ ಅರ್ಜಿಗಳ ದೀರ್ಘ ಹಾದಿ ಹಿಡಿಯಿತು. ಆದೇಶದ ಆಶಯ ಗ್ಯಾರೇಜಿನ ಮೇಜಿನವರೆಗೆ ಇಳಿಯಲಿಲ್ಲ.

ಬೇರೆಡೆ ಏನಾಯಿತು ಎಂದು ನೋಡುವುದು ಉಪಯುಕ್ತ. ಐರೋಪ್ಯ ಒಕ್ಕೂಟವು ಹೊಗೆ ಮಾನದಂಡ ನಿಗದಿ ಮಾಡಿದ 2007ರ ನಿಯಮದಲ್ಲಿಯೇ ದುರಸ್ತಿಯ ಮಾಹಿತಿಯನ್ನು ಸ್ವತಂತ್ರ ದುರಸ್ತಿಗಾರರಿಗೆ ಒದಗಿಸಬೇಕೆಂಬ ಕಟ್ಟಳೆಯನ್ನೂ ಸೇರಿಸಿತು. ವಾಹನವನ್ನು ಹೆಚ್ಚು ಸಂಕೀರ್ಣಗೊಳಿಸಲು ಹೇಳಿದ ಕಾನೂನೇ ಆ ಸಂಕೀರ್ಣತೆಯ ಕೀಲಿಕೈಯನ್ನೂ ಹಂಚಲು ಹೇಳಿತು ಎಂಬುದು ಗಮನಾರ್ಹ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ವಾಹನ ದುರಸ್ತಿಯ ಹಕ್ಕನ್ನು ಭಾರಿ ಬಹುಮತದಿಂದ ಅನುಮೋದಿಸಿದರು. ಆಸ್ಟ್ರೇಲಿಯಾದಲ್ಲಿ 2022ರ ಜುಲೈ 1ರಿಂದ ಇಂತಹ ಕಡ್ಡಾಯ ಯೋಜನೆ ಜಾರಿಯಲ್ಲಿದೆ. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆಗೆ ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಅದೇ ವರ್ಷದ ಡಿಸೆಂಬರ್ 24ರಂದು ಒಂದು ಪೋರ್ಟಲ್ ಕೂಡ ಉದ್ಘಾಟನೆಯಾಯಿತು. ಇದು ಒಳ್ಳೆಯ ಹೆಜ್ಜೆಯೇ. ಆದರೆ ಪೋರ್ಟಲ್ ಎಂದರೆ ಕಾನೂನಲ್ಲ. ಗ್ರಾಹಕ ಸಹಾಯವಾಣಿಯ ಸಂಖ್ಯೆ ಎಂದರೆ ಪಿನ್ನುಗಳ ನಕ್ಷೆಯಲ್ಲ.

ತಯಾರಕರ ಆಕ್ಷೇಪಗಳನ್ನು ತಳ್ಳಿಹಾಕುವುದು ನ್ಯಾಯವಲ್ಲ. ಕಂಪ್ಯೂಟರಿನ ತಂತ್ರಾಂಶ ಎಲ್ಲರಿಗೂ ತೆರೆದರೆ ಕಳ್ಳರು ವಾಹನದ ಬೀಗ ಮುರಿಯಬಹುದು, ಹೊಗೆಯ ಮಿತಿಯನ್ನು ತಿದ್ದಬಹುದು ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ. ಆದರೆ ಕಪ್ಲರಿನ ಮಹತ್ವವಿರುವುದೇ ಇಲ್ಲಿ: ಅದು ತಂತ್ರಾಂಶವಲ್ಲ. 37ನೆಯ ಪಿನ್ನು ನೀರಿನ ಬಿಸಿಯ ಸುದ್ದಿ ತರುತ್ತದೆ ಎಂದು ತಿಳಿದವನು ಯಾವ ಬೀಗವನ್ನೂ ಮುರಿಯಲಾರ. ತಂತ್ರಾಂಶದ ಗುಟ್ಟಿನ ಹೆಸರಿನಲ್ಲಿ ತಾಮ್ರದ ತಂತಿಯ ವಿವರವನ್ನೂ ಗುಟ್ಟಾಗಿಸುವುದು ಸಮರ್ಥನೀಯವಲ್ಲ. ತರಬೇತಿಯಿಲ್ಲದ ಮೆಕ್ಯಾನಿಕ್‌ಗಳು ವಾಹನ ಹಾಳು ಮಾಡುತ್ತಾರೆ ಎಂಬ ಎರಡನೆಯ ವಾದವೂ ಅರ್ಧ ಸತ್ಯ. ಸೂಜಿ ಚುಚ್ಚುವವರು, ಮರಳು ಕಾಗದ ಹಿಡಿಯುವವರು ಇದ್ದಾರೆ. ಆದರೆ ಮಾಹಿತಿ ಕೊಡದೆ ಅಜ್ಞಾನವನ್ನು ಉಳಿಸಿ, ಆ ಅಜ್ಞಾನವನ್ನೇ ಮಾಹಿತಿ ಕೊಡದಿರಲು ಕಾರಣವಾಗಿ ತೋರಿಸುವುದು ವಿಚಿತ್ರ ತರ್ಕ.

ನಷ್ಟ ಯಾರಿಗೆ? ಮೊದಲನೆಯದಾಗಿ ಮಾಲೀಕನಿಗೆ. ಸಾಮಾನ್ಯ ವಾಹನ ವಿಮೆ ವಿದ್ಯುತ್ ಅಥವಾ ಯಾಂತ್ರಿಕ ದೋಷದಿಂದಾದ ಕೆಡುಕನ್ನು ಭರಿಸುವುದಿಲ್ಲ. ಕಿಲುಬಿನ ಹೆಸರಿನಲ್ಲಿ ಬದಲಾದ ಪೆಟ್ಟಿಗೆಯ ಪೂರ್ತಿ ಹಣ ಅವನ ಜೇಬಿನಿಂದಲೇ. ಪ್ರವಾಹದ ಹಾನಿಗೆ ವಿಮೆ ಇದೆ. ಆದರೆ ಅಲ್ಲಿಯೂ ಇಡೀ ಘಟಕ ಬದಲಿಸುವ ಪದ್ಧತಿ ಬೆಳೆದರೆ ಆ ಹೊರೆ ಮುಂದಿನ ವರ್ಷದ ಪ್ರೀಮಿಯಂ ರೂಪದಲ್ಲಿ ಎಲ್ಲರ ಮೇಲೂ ಬೀಳುತ್ತದೆ. 2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ನೀರು ನುಗ್ಗಿ ವಾಹನಗಳು ಮುಳುಗಿದ್ದನ್ನು ನಾವು ಮರೆತಿಲ್ಲ. ಅಂತಹ ವಾಹನವನ್ನು ಚಾಲೂ ಮಾಡಲು ಯತ್ನಿಸದೆ, ನೀರಿಳಿದ ಕೂಡಲೇ ಸುರಕ್ಷಿತವಾಗಿ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಸಿದರೆ ಪಿನ್ನುಗಳ ಕ್ಷಯ ಬಹುಮಟ್ಟಿಗೆ ನಿಲ್ಲುತ್ತದೆ, ಏಕೆಂದರೆ ಒದ್ದೆ ಪಿನ್ನಿನಲ್ಲಿ ವಿದ್ಯುತ್ ಹರಿಯುತ್ತಿದ್ದಾಗಲೇ ಲೋಹ ವೇಗವಾಗಿ ಕರಗುವುದು. ಪ್ರತಿ ಮಳೆಗಾಲದ ಮುನ್ನ ಸ್ಥಳೀಯ ಆಡಳಿತ ಹೊರಡಿಸುವ ಸೂಚನೆಗಳಲ್ಲಿ ಈ ಒಂದು ಸಾಲು ಸೇರಿದರೆ ಎಷ್ಟೋ ಕುಟುಂಬಗಳಿಗೆ ದೊಡ್ಡ ಉಪಕಾರ.

ಎರಡನೆಯ ನಷ್ಟ ದೇಶಕ್ಕೆ. 2021ರಲ್ಲಿ ಜಗತ್ತಿನಾದ್ಯಂತ ಚಿಪ್‌ಗಳ ಕೊರತೆ ಉಂಟಾಗಿ ವಾಹನ ಕಾರ್ಖಾನೆಗಳೇ ಉತ್ಪಾದನೆ ತಗ್ಗಿಸಬೇಕಾಯಿತು. ಅಂತಹ ಅಮೂಲ್ಯ ವಸ್ತುವನ್ನು ಸುಸ್ಥಿತಿಯಲ್ಲಿರುವಾಗಲೇ ತಿಪ್ಪೆಗೆಸೆಯುವುದು ದುಂದುಗಾರಿಕೆ. ಮೂರನೆಯದು ದುಡಿಯುವ ಕೈಗಳಿಗೆ ಆಗುವ ನಷ್ಟ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳು, ಶಿವಾಜಿನಗರದ ಗುಜರಿ, ಹುಬ್ಬಳ್ಳಿ ಮಂಗಳೂರುಗಳ ಸಣ್ಣ ಗ್ಯಾರೇಜುಗಳು ತಲೆಮಾರುಗಳಿಂದ ಒಂದು ದುರಸ್ತಿ ಸಂಸ್ಕೃತಿಯನ್ನು ಉಳಿಸಿಕೊಂಡು ಬಂದಿವೆ. ಬಿಡಿ ಟರ್ಮಿನಲ್ ಕೇಳಿದರೆ ಇಡೀ ವೈರಿಂಗ್ ಕೊಳ್ಳಬೇಕೆಂಬ ಉತ್ತರ ಬಂದಾಗ, ಗುಜರಿಗೆ ಬಂದ ವಾಹನದ ಕಪ್ಲರನ್ನು ತಂತಿ ಸಮೇತ ಕತ್ತರಿಸಿ ತಂದು ಕೂಡಿಸುವವರು ಇವರೇ. ಕಾರ್ಬುರೇಟರ್ ಹೋದಾಗ ಇವರ ಅರ್ಧ ಕೆಲಸ ಹೋಯಿತು. ಉಳಿದರ್ಧವನ್ನು ಮಾಹಿತಿಯ ಬೇಲಿ ನುಂಗುತ್ತಿದೆ.

ಇದರಲ್ಲಿ ಕರ್ನಾಟಕಕ್ಕೆ ವಿಶೇಷವಾದ ಒಂದು ವಿಪರ್ಯಾಸವಿದೆ. 1951ರಲ್ಲಿ ಸ್ಥಾಪನೆಯಾದ ಮೈಕೊ, ಅಂದರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪುಗಳನ್ನು ತಯಾರಿಸುತ್ತ ನಗರದ ಮೂರು ತಲೆಮಾರಿಗೆ ಕೆಲಸವನ್ನೂ ಕುಶಲತೆಯನ್ನೂ ಕೊಟ್ಟಿತು. ಅದೇ ಸಂಸ್ಥೆ 2008ರಲ್ಲಿ ಬಾಷ್ ಎಂಬ ಹೆಸರು ತಳೆಯಿತು. ಇಂದು ಜಗತ್ತಿನ ವಾಹನಗಳ ಕಂಪ್ಯೂಟರುಗಳಿಗೆ ತಂತ್ರಾಂಶ ಬರೆಯುವ ಸಾವಿರಾರು ಯುವಕ ಯುವತಿಯರು ಬೆಂಗಳೂರಿನಲ್ಲಿದ್ದಾರೆ. ಕಂಪ್ಯೂಟರಿನ ಬುದ್ಧಿ ಇಲ್ಲಿ ರೂಪುಗೊಳ್ಳುತ್ತದೆ; ಅದರ ಪಿನ್ನುಗಳ ನಕ್ಷೆ ಮಾತ್ರ ಇಲ್ಲಿನ ಗ್ಯಾರೇಜಿಗೆ ಸಿಗುವುದಿಲ್ಲ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ರೂ. 4,600 ಕೋಟಿಗೂ ಹೆಚ್ಚು ವೆಚ್ಚದಲ್ಲಿ ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಲೋಕಾರ್ಪಣೆ ಮಾಡಲಾಯಿತು. ಇಷ್ಟು ದೊಡ್ಡ ಹೂಡಿಕೆಯಲ್ಲಿ ಒಂದು ಸಣ್ಣ ಭಾಗವನ್ನು, ಈಗಾಗಲೇ ಕೆಲಸದಲ್ಲಿರುವ ಆಟೊ ಎಲೆಕ್ಟ್ರಿಷಿಯನ್‌ಗಳಿಗೆ ಸಂಜೆ ಹೊತ್ತು ಕನ್ನಡದಲ್ಲಿ ನಡೆಸುವ ಕೆಲವು ವಾರಗಳ ತರಬೇತಿಗೆ ಮೀಸಲಿಡುವುದು ಅಸಾಧ್ಯವೇನಲ್ಲ.

ಉಳಿದಂತೆ ಆಗಬೇಕಾದದ್ದು ಮೂರು ಸಂಗತಿಗಳು. ಒಂದು, ಹೊಸ ಮಾದರಿಯ ವಾಹನಕ್ಕೆ ಕೇಂದ್ರ ಮೋಟಾರು ವಾಹನ ನಿಯಮಗಳಡಿ ಮಾರಾಟಕ್ಕೆ ಮುನ್ನ ಅನುಮೋದನೆ ನೀಡುವಾಗಲೇ, ವೈರಿಂಗ್ ನಕ್ಷೆ, ಪಿನ್ನುಗಳ ವಿವರ ಮತ್ತು ಕಪ್ಲರಿನ ಬಿಡಿಭಾಗಗಳ ಸಂಖ್ಯೆಗಳನ್ನು ಬಹಿರಂಗವಾಗಿ ಪ್ರಕಟಿಸುವ ಷರತ್ತು ವಿಧಿಸಬೇಕು. ಎರಡು, ಟರ್ಮಿನಲ್, ಸೀಲ್, ಕಪ್ಲರ್ ಕವಚಗಳು ಬಿಡಿಯಾಗಿ ಮಾರಾಟಕ್ಕೆ ದೊರೆಯಬೇಕು. ಮೂರು, ನಿಗದಿತ ಮೊತ್ತ ಮೀರಿದ ಎಲೆಕ್ಟ್ರಾನಿಕ್ ಘಟಕ ಬದಲಿಸುವ ಮುನ್ನ ವಿದ್ಯುತ್ ಪೂರೈಕೆ, ಅರ್ತಿಂಗ್ ಮತ್ತು ಜೋಡಣೆಯ ಪರೀಕ್ಷಾ ಫಲಿತಾಂಶವನ್ನು ಲಿಖಿತವಾಗಿ ಗ್ರಾಹಕನಿಗೆ ಕೊಡುವುದೂ, ವಾರಂಟಿಯ ಹೊರಗಿನ ಪ್ರಕರಣಗಳಲ್ಲಿ ಹಳೆಯ ಘಟಕವನ್ನು ಅವನಿಗೇ ಹಿಂದಿರುಗಿಸುವುದೂ ಕಡ್ಡಾಯವಾಗಬೇಕು. ಈ ಮೂರನೆಯದಕ್ಕೆ ಬೊಕ್ಕಸದಿಂದ ಒಂದು ರೂಪಾಯಿಯೂ ಖರ್ಚಾಗದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗದ ಮೆಟ್ಟಿಲೇರುವ ಗ್ರಾಹಕನ ಕೈಯಲ್ಲಿ ಆಗ ಒಂದು ಕಾಗದವಾದರೂ ಇರುತ್ತದೆ. ಸಾಕ್ಷ್ಯವಿಲ್ಲದ ಹಕ್ಕು ಎಣ್ಣೆಯಿಲ್ಲದ ದೀಪದಂತೆ.

ಕಾನೂನು ಬರುವವರೆಗೆ ನಾವು ಸುಮ್ಮನೆ ಕೂರಬೇಕಿಲ್ಲ. ಮುಂದಿನ ಸಲ ಯಾರಾದರೂ ‘ಇಸಿಯು ಹೋಗಿದೆ’ ಎಂದರೆ ಓದುಗರು ಎರಡು ಪ್ರಶ್ನೆ ಕೇಳಲಿ: ಕಪ್ಲರ್ ಬಿಚ್ಚಿ ನೋಡಿದಿರಾ? ಎಂಜಿನ್ ಓಡುವಾಗ ವೋಲ್ಟೇಜ್ ಅಳೆದಿರಾ? ಉತ್ತರ ಹೌದಾದರೆ ಆ ಅಳತೆಯನ್ನು ಬರೆದುಕೊಡಲು ವಿನಯದಿಂದಲೇ ಕೇಳಬಹುದು. ಅಲ್ಲವಾದರೆ, ಪೆಟ್ಟಿಗೆಯ ಬೆಲೆ ತೆರುವ ಮೊದಲು ಪಿನ್ನಿನ ಪರೀಕ್ಷೆಗೆ ಒಂದು ಮಧ್ಯಾಹ್ನದ ಕೂಲಿಯನ್ನು ಸಂತೋಷದಿಂದ ಕೊಡಬೇಕು. ಬಿಡಿಭಾಗಕ್ಕೆ ಸಾವಿರಗಟ್ಟಲೆ ತೆತ್ತು, ರೋಗ ಪತ್ತೆಹಚ್ಚುವ ಜ್ಞಾನಕ್ಕೆ ನೂರು ರೂಪಾಯಿ ಕೊಡಲು ಚೌಕಾಸಿ ಮಾಡುವ ಗ್ರಾಹಕರೂ ಈ ವ್ಯವಸ್ಥೆ ಹೀಗೆ ಬೆಳೆಯಲು ಕಾರಣರು ಎಂಬುದನ್ನು ಮರೆಯದಿರೋಣ.